ತೋಟದ ವಾಡೆಯ ತನ್ಮಣಿ

"ಚೀಲಕ್ಕ ಕೈ ಹಚ್ಚಬ್ಯಾಡ್ರಿ! ಒಳಗ ಲೆನ್ಸ್ ಅವ!"

"ಲೆನ್ಸ್ ಅವ ಏನೋ, ನಮ್ಮ ತನ್ಮಣಿ ಅದ ಏನೋ, ನೋಡೇ ಬಿಡ್ತೀವಿ! ಬಿಡು ಅಂದ್ರ ಬಿಡು!"

ಮದುಮಗಳ ತಂದೆ ಜಯತೀರ್ಥ ಚೀಲದ ಒಂದು ಪಟ್ಟಿ ಹಿಡಿದು ಜಗ್ಗಿದ. ಫೋಟೋಗ್ರಾಫರ್ ಝಹೀರ್ ಇನ್ನೊಂದು ಪಟ್ಟಿ ಬಿಡಲಿಲ್ಲ. ಪಟ್ಟಿ ಕಿತ್ತುಬಂತು. ಚೀಲ ಮಂಟಪದ ಮುಂದೆ ಬೋರಲು ಬಿತ್ತು. ಬ್ಯಾಟರಿ, ವೈರು, ಬ್ರಷ್ಷು ಚೆಲ್ಲಿದವು. ನಡುವೆ ಒಂದು ಕೆಂಪು ಮಖಮಲ್ಲಿನ ಡಬ್ಬಿ.

ಜಯತೀರ್ಥ ತೆರೆದು ನೋಡಿದ. ಖಾಲಿ.

"ಈಗ ಏನಂತಿ?"

"ಅದು ನಂದಲ್ರಿ!"

"ನಿಂದಲ್ಲಂತ ನಮಗೂ ಗೊತ್ತದ! ಮುತ್ತು ಎಲ್ಲಿ ಇಟ್ಟೀ ಹೇಳು!"

ತುಳಸಿ ಲಗ್ನ ಮುಗಿದ ಮೇಲಿನ ಮೊದಲ ಮುಹೂರ್ತ. ಕಮಲಾಪುರದ ಹೊರಗೆ, ಕೆಂಪು ಬಾಳೆಯ ತೋಟದ ನಡುವಿನ ಹಳೆಯ ವಾಡೆಯಲ್ಲಿ ಮದುವೆ. ಕಳುವಾದದ್ದು ಜಯತೀರ್ಥನ ತಾಯಿ ಪಾರ್ವತೀಬಾಯಿಯ ಮುತ್ತಿನ ಕಂಠಾಭರಣ, ತನ್ಮಣಿ. ಮದುಮಗಳು ಸುಮೇಧಾಳಿಗೆ ಅಜ್ಜಿ ಕೊಟ್ಟದ್ದು.

ಝಹೀರನ ಸ್ಟುಡಿಯೋ ಇರುವುದು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ. ಮಂದಿಯ ಮನೆಯ ಒಳಕೋಣೆಯವರೆಗೆ ಹೋಗುವ ಕೆಲಸ ಅವನದು. ಕಳ್ಳ ಎಂಬ ಮಾತು ಊರು ಮುಟ್ಟಿದರೆ ಇನ್ನು ಯಾವ ಮದುವೆಯವರೂ ಅವನನ್ನು ಹೊಸ್ತಿಲು ದಾಟಿಸುವುದಿಲ್ಲ.

"ಪೊಲೀಸರನ್ನ ಕರೀರಿ," ಎಂದ ಝಹೀರ್. "ನಾನೇ ಹೇಳಾಕತ್ತೀನಿ. ಕರೀರಿ!"

* * *

ಪಿಎಸ್‌ಐ ಪಂಚಶೀಲಾ ಪೇದೆಯೊಬ್ಬನೊಡನೆ ಜೀಪಿನಿಂದ ಇಳಿದವಳೇ ಎಲ್ಲರ ಬಾಯಿ ಮುಚ್ಚಿಸಿದಳು.

"ಒಬ್ಬೊಬ್ಬರೇ. ಮೊದಲು ಆಯಿ ಹೇಳ್ಲಿ."

ಪಾರ್ವತೀಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಪ್ತಪದಿ ಆತು. ಮಂಗಳಸೂತ್ರಕ್ಕ ತನ್ಮಣಿ ತೊಡಕಾಕತ್ತಿತ್ತು. ಸುಮೇಧಾ ತೆಗೆದು ನನ್ನ ಕೈಯಾಗ ಕೊಟ್ಟಳು. ಮ್ಯಾಲಿನ ಖೋಲಿಯಾಗ ಡಬ್ಬಿಯೊಳಗ ಇಟ್ಟು ಬಂದೆ. ಊಟದ ಮುಂದ ಹೋಗಿ ನೋಡ್ತೀನಿ, ಡಬ್ಬೀನೂ ಇಲ್ಲ!"

"ಆ ಹೊತ್ತಿಗೆ ಮ್ಯಾಲೆ ಹೋದವರು ಯಾರು?"

"ನಾನು," ಎಂದ ಝಹೀರ್. "ಬ್ಯಾಟರಿ ಚಾರ್ಜಿಗೆ ಹಾಕಿದ್ದೆ. ತರಾಕ ಹೋದೆ. ಚೀಲ ಇಲ್ಲೇ ಮಂಟಪದ ಹತ್ರ ಬಿಟ್ಟಿದ್ದೆ. ನಾ ಏರೋ ಮುಂದ ಇವರು ಮೆಟ್ಟಲಾ ಇಳಿಯಾಕತ್ತಿದ್ರು."

ಅವನ ಬೆರಳು ಜಯತೀರ್ಥನ ತಮ್ಮ ವಿಜಯೀಂದ್ರನತ್ತ ಚಾಚಿತು.

"ಏಯ್! ಬಾಯಿ ಹಿಡಿದು ಮಾತಾಡು!" ವಿಜಯೀಂದ್ರ ಹಾರಿ ಬಂದ. "ಸಪ್ತಪದಿ ಆದಮ್ಯಾಲೆ ನಾ ಮಂಟಪ ಬಿಟ್ಟು ಕದಲಿಲ್ಲ. ಪುರಾವಾ ಅದ ನನ್ನ ಹತ್ರ!"

ಪಂಚಶೀಲಾ ಝಹೀರನನ್ನು ನೋಡಿದಳು. ಮೇಲೆ ಹೋದೆ ಎಂದು ತಾನೇ ಒಪ್ಪಿದ್ದಾನೆ. ಡಬ್ಬಿ ಅವನ ಚೀಲದಲ್ಲೇ ಸಿಕ್ಕಿದೆ. ಆದರೆ ಮುತ್ತು ಬಚ್ಚಿಟ್ಟವನು ಖಾಲಿ ಡಬ್ಬಿಯನ್ನು ಬಗಲಲ್ಲಿ ಹೊತ್ತು ಯಾಕೆ ತಿರುಗುತ್ತಾನೆ?

"ಪುರಾವಾ ತೋರಸ್ರಿ," ಎಂದಳು.

* * *

ಅದು ವಿಜಯೀಂದ್ರನ ಫೋನಿನ ಸೆಲ್ಫಿ. ಮುಂದೆ ಬರಿಮೈಯಲ್ಲಿ ನಗುವ ವಿಜಯೀಂದ್ರ. ಹಿಂದೆ, ದೂರದಲ್ಲಿ, ಮದುಮಕ್ಕಳು. ಸುಮೇಧಾ ಶಾಲು ಹೊದ್ದಿದ್ದಳು. ಕೊರಳಲ್ಲಿ ತನ್ಮಣಿ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ.

"ಎಷ್ಟೊತ್ತಿಗೆ ತೆಗೆದದ್ದು? ವ್ಯಾಳ್ಯಾ ಕಾಣವಲ್ದು."

"ಸ್ಕ್ರೀನ್‌ಶಾಟ್ ಅದ್ರಿ. ಆದ್ರ ವ್ಯಾಳ್ಯಾ ಯಾಕ ಬೇಕು? ಸುಮೇಧಾನ್ನ ನೋಡ್ರಿ. ಮದಿಮಗ ಧೀರೇಂದ್ರನ ಎಡಕ್ಕ ಕುಂತಾಳ. ಸಪ್ತಪದಿ ಆಗೋತನಕ ಮದಿಮಗಳು ಬಲಕ್ಕ ಇರ್ತಾಳ. ಆದಮ್ಯಾಲೆ ಎಡಕ್ಕ. ಬೇಕಾದ್ರ ಆಚಾರ್ರನ್ನ ಕೇಳ್ರಿ!"

ಆಚಾರ್ಯರು ಕೇಳದೆಯೇ ತಲೆಯಾಡಿಸಿದರು.

ಜಯತೀರ್ಥ ಗುಡುಗಿದ. "ಇನ್ನೇನು ಬೇಕು ಮೇಡಂ? ಒಯ್ಯಿರಿ ಇವನ್ನ!"

ಝಹೀರ್ ಕಣ್ಣು ಮುಚ್ಚಿಕೊಂಡ.

ಪಂಚಶೀಲಾ ಫೋನನ್ನು ಕಣ್ಣ ಹತ್ತಿರ ತಂದಳು. ಆಮೇಲೆ ಎದುರಿಗೆ ನಿಂತ ಗಂಡಸರನ್ನು ನೋಡಿದಳು. ಜಯತೀರ್ಥ. ಆಚಾರ್ಯರು. ವಿಜಯೀಂದ್ರ. ಎಲ್ಲರೂ ಬರಿಮೈ, ಮೇಲೆ ಶಲ್ಯ. ಮತ್ತೆ ಫೋನು ನೋಡಿದಳು.

"ಆಯಿ, ಒಂದು ಮಾತು. ಜನಿವಾರ ಯಾವ ಹೆಗಲ ಮ್ಯಾಲೆ ಹಾಕ್ತಾರ?"

"ಎಡ ಹೆಗಲ ಮ್ಯಾಲೆ."

"ಬಲ ಹೆಗಲಿಗೆ ಹಾಕೋದೇ ಇಲ್ಲೇನು?"

"ಶ್ರಾದ್ಧದಾಗ ಹಾಕ್ತಾರ. ಪಿತೃಕಾರ್ಯಕ್ಕ." ಅಜ್ಜಿಗೆ ಸಿಟ್ಟು ಬಂತು. "ಲಗ್ನದ ಮನ್ಯಾಗ ಏನು ಮಾತವ್ವಾ ಇದು!"

"ಹಂಗಾದ್ರ ನಿಮ್ಮ ಮಗನ್ನ ಕೇಳ್ರಿ. ಅಣ್ಣನ ಮಗಳ ಲಗ್ನದಾಗ ಯಾರ ಶ್ರಾದ್ಧ ಮಾಡಾಕತ್ತಿದ್ದ ಅಂತ!"

ಫೋನನ್ನು ಅಜ್ಜಿಯ ಮುಖದ ಮುಂದೆ ಹಿಡಿದಳು. ಫೋಟೋದಲ್ಲಿ ವಿಜಯೀಂದ್ರನ ಜನಿವಾರ ಬಲ ಹೆಗಲಿನಿಂದ ಇಳಿದಿತ್ತು.

* * *

"ಝಹೀರ್, ಇದನ್ನ ಕನ್ನಡಿಯಂಗ ತಿರುಗಸು."

ಝಹೀರನ ಬೆರಳು ಪರದೆಯ ಮೇಲೆ ಓಡಿತು. ಚಿತ್ರ ಮಗುಚಿತು. ಜನಿವಾರ ಎಡ ಹೆಗಲಿಗೆ ಬಂತು. ಸುಮೇಧಾ ಗಂಡನ ಬಲಕ್ಕೆ ಹೋದಳು.

"ನೋಡಿದ್ರಿ? ಇದು ಸಪ್ತಪದಿಗಿಂತ ಮೊದಲಿನ ಫೋಟೋ. ಎಡ ಬಲ ಅದಲು ಬದಲು ಆಗ್ಯದ. ಫೋನ್ ತಾನೇ ತಿರುಗಿಸಿತೋ, ನೀವು ತಿರುಗಿಸಿದ್ರೋ, ಅದು ಆಮ್ಯಾಲಿನ ಮಾತು. ಆದಮ್ಯಾಲೆ ತೆಗೆದೆ ಅಂತ ಸುಳ್ಳು ಹೇಳಿದವರು ನೀವು. ಮದಿಮಗಳ ಜಾಗಾ ನೆನಪಿತ್ತು. ಸ್ವಂತ ಜನಿವಾರ ಮರೆತ್ರಿ. ಮೆಟ್ಟಲಾ ಮ್ಯಾಲೆ ಇವ ನಿಮ್ಮನ್ನ ನೋಡ್ಯಾನ, ಅದಕ್ಕ ಖಾಲಿ ಡಬ್ಬಿ ಇವನ ಚೀಲದಾಗ ತುರುಕಿದ್ರಿ."

"ಮುತ್ತು ಎಲ್ಲಿ ಅವ? ಮುತ್ತು ತೋರಸ್ರಿ!" ವಿಜಯೀಂದ್ರ ಚೀರಿದ.

"ಆಯಿ, ಮನಿ ಪೂರಾ ಹುಡುಕೀರಿ?"

"ಒಂದು ಮೂಲಿ ಬಿಟ್ಟಿಲ್ಲ. ಮಡಿ ಅರಿವಿ ಒಂದು ಬಿಟ್ಟು. ನಾಳೆ ಪೂಜಾಕ್ಕಂತ ಒಗೆದು ಒಣ ಹಾಕೀವಿ, ಅದನ್ನ ಯಾರು ಮುಟ್ತಾರ? ಪೂಜಾ ಮಾಡೋ ವಿಜೂ ಒಬ್ಬನೇ..."

ಅಜ್ಜಿಯ ಮಾತು ಅಲ್ಲೇ ನಿಂತಿತು. ಅವಳು ಸರಸರನೆ ಅಡುಗೆಮನೆಯ ಪಕ್ಕದ ಕೋಣೆಗೆ ನಡೆದಳು. ಎಲ್ಲರೂ ಹಿಂದೆ ಓಡಿದರು. ಬಟ್ಟೆ ಒಣಹಾಕುವ ಗಳದ ಮೇಲೆ ಮಡಿಚಿ ಹಾಕಿದ ಪಂಚೆ ತೂಗುತ್ತಿತ್ತು.

"ಅವ್ವಾ, ಮಡಿ!" ವಿಜಯೀಂದ್ರ ಕೂಗಿದ.

"ಕೆಟ್ಟರ ಮತ್ತ ಹಿಂಡಿ ಹಾಕ್ತೀನಿ!"

ಅಜ್ಜಿ ಪಂಚೆ ಹಿಡಿದು ಜಗ್ಗಿದಳು. ಮುತ್ತುಗಳು ನೆಲಕ್ಕೆ ಸದ್ದು ಮಾಡಿ ಬಿದ್ದವು.

ವಿಜಯೀಂದ್ರ ಗೋಡೆಗೆ ಒರಗಿ ಕುಸಿದ. "ನಿನಗ ಸುಮೇಧಾ ಒಬ್ಬಳೇ ಮೊಮ್ಮಗಳೇನವ್ವಾ? ನನ್ನ ಮಗಳು ಶುಭದಾ ಮೊಮ್ಮಗಳಲ್ಲೇನು?"

ಅಜ್ಜಿ ಬಗ್ಗಿ ಮುತ್ತುಗಳನ್ನು ಸೆರಗಿಗೆ ತುಂಬಿಕೊಂಡಳು. ಪೇದೆ ಅವನ ರಟ್ಟೆ ಹಿಡಿದ.

* * *

ಜಯತೀರ್ಥ ಗಂಟಲು ಸರಿಮಾಡಿಕೊಂಡ. "ಝಹೀರ್, ಆದದ್ದು ಆತು. ಸಿಟ್ಟು ಬಿಡು. ಎಲ್ಲಾರೂ ನಿಂದರ್ತೀವಿ, ಮನಿಯವರದೊಂದು ಫೋಟೋ ಹೊಡಿ. ಆಮ್ಯಾಲೆ ಉಂಡು ಹೋಗೀಯಂತ."

ಮನೆಯವರು ಮಂಟಪದ ಮುಂದೆ ಸಾಲಾಗಿ ನಿಂತರು. ಝಹೀರ್ ಕ್ಯಾಮೆರಾ ಎತ್ತಿದ. ಎತ್ತಿದ್ದನ್ನು ಇಳಿಸಿದ. ಒಳಗಿನ ಮೆಮೊರಿ ಕಾರ್ಡ್ ತೆಗೆದು ಸುಮೇಧಾಳ ಅಂಗೈಯಲ್ಲಿಟ್ಟ.

"ನಿಮ್ಮ ಲಗ್ನ ಇದರಾಗ ಅದ, ಅಕ್ಕಾರ. ಚೆಂದ ಬಂದಾವ."

ಕಿತ್ತ ಪಟ್ಟಿಯ ಚೀಲವನ್ನು ಎದೆಗವಚಿಕೊಂಡು ನಡೆದ.

"ಅಪ್ಪಾ," ಸುಮೇಧಾ ತಂದೆಯತ್ತ ತಿರುಗಿದಳು, "ತಪ್ಪಾತು ಅಂತ ಒಂದು ಮಾತು ಅನ್ನು. ಲಗೂ ಅನ್ನು!"

ಜಯತೀರ್ಥ ಬಾಯಿ ತೆರೆಯುವಷ್ಟರಲ್ಲಿ ಅಗಸೆ ಬಾಗಿಲ ಆಚೆ ಬೈಕು ಗುಡುಗಿತು. ಬಾಳೆತೋಟದ ಮಗ್ಗುಲಿಂದ ಸದ್ದು ಕಲಬುರಗಿ ರಸ್ತೆಗೆ ಏರಿತು. ಸಾಲಾಗಿ ನಿಂತವರು ಇನ್ನೂ ಒಂದಷ್ಟು ಹೊತ್ತು ಹಾಗೇ ನಿಂತಿದ್ದರು. ಅವನು ತಿರುಗಿ ಬರಲಿಲ್ಲ.