ಚಿರ್ಮಿಯನ್ನು ಕೂಗಬಾರದು

ಜೀಪಿನ ಬಾಗಿಲು ತೆರೆದವನನ್ನು ಕಂಡು ಇಮರ್ತಿಯ ಕಾಲು ಮರಳಿನಲ್ಲೇ ನಿಂತುಬಿಟ್ಟಿತು.

ಸಹೀರಾಮ್...

ಮೂರು ವರ್ಷದ ಹಿಂದೆ ಪ್ರಾಣಿ ರಕ್ಷಣಾ ಕೇಂದ್ರದಿಂದ ಇವನೇ ಬಂದಿದ್ದ. ಜಿಂಕೆಗಳನ್ನು ಮಕ್ಕಳಂತೆ ಕಾಣುವ ಬಿಷ್ಣೋಯಿ ಮನೆಗಳ ಹೆಂಗಸರಂತೆ ಅವಳೂ ಬಾಟಲಿಯಲ್ಲಿ ಹಾಲೂಡಿ ಸಾಕಿದ್ದ ತಬ್ಬಲಿ ಚಿಂಕಾರ ಜಿಂಕೆಮರಿ ಚಿರ್ಮಿಯನ್ನು ಕಾಡಿಗೆ ಬಿಡಲು ಒಯ್ದಿದ್ದ. ಆಮೇಲೆ ಒಂದು ಸುದ್ದಿಯಿಲ್ಲ. ನಾಯಿಗಳು ಮರಿಯೊಂದನ್ನು ಕೊಂದವೆಂದು ಯಾರೋ ಹೇಳಿದರು; ಅದು ಚಿರ್ಮಿಯೇ ಎಂದುಕೊಂಡಳು. ಅದೇ ತಿಂಗಳು ಅವನ ಮನೆಯವರು ಹೆಣ್ಣು ಕೇಳಲು ಬಂದಾಗ, ಮನಸ್ಸಿದ್ದರೂ ಆ ಸಿಟ್ಟಿನಲ್ಲಿ ಅವಳು ಬೇಡವೆಂದಿದ್ದಳು.

ಇಂದು ಅವಳು ಕಾಲೇಜಿನ ಹುಡುಗಿಯರನ್ನು ಮರುಭೂಮಿಗೆ ಕರೆತಂದ ಸಸ್ಯಶಾಸ್ತ್ರದ ಮೇಡಂ. ಅವನು ಗೈಡ್.

"ಇದು ರೋಹಿಡಾ. ಹೂ ಮುಟ್ಟಿ, ಕೀಳಬೇಡಿ," ಎಂದ ಸಹೀರಾಮ್.

"ಮೇಡಂ, ಅವರು ಮರ ತೋರಿಸ್ತಿದ್ದಾರೆ. ನೀವು ಅವರನ್ನೇ ನೋಡ್ತಿದ್ದೀರಲ್ಲ," ಎಂದು ಕಿಸಕ್ಕೆಂದಳು ವಿದ್ಯಾರ್ಥಿನಿ ಕಮಲಾ.

"ಬಾಯ್ಮುಚ್ಕೊಂಡು ಬರ್ಕೋ."

ಮಧ್ಯಾಹ್ನ ದೇವರಕಾಡಿನ ಅಂಚಿನಲ್ಲಿ ಅವನು ಇಮರ್ತಿಯೊಬ್ಬಳನ್ನೇ ಕರೆದ. "ಆ ಬನ್ನಿಮರದ ಕೆಳಗೆ ನೋಡಿ. ಕೂಗಬೇಡಿ."

ಎಡಗಿವಿ ಸೀಳಿದ ಹೆಣ್ಣು ಚಿಂಕಾರ. ಬಗಲಲ್ಲೊಂದು ಮರಿ.

ಆ ಕಿವಿ ಸೀಳಿದ್ದು ಅವಳ ಮನೆಯ ಮುಳ್ಳುಬೇಲಿಯೇ.

"ಬದುಕಿದೆ..." ಅವಳು ಅವನತ್ತ ತಿರುಗಿದಳು. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಾಲು ತಗೊಂಡು ಬರ್ತಿರಲಿಲ್ವಾ? ಅದು ನಿಮ್ಮ ಹಿಂದೆ ಊರಿಗೆ ಬಂದಿದ್ರೆ ನಾಯಿ ಬಿಡ್ತಿರಲಿಲ್ಲ. ಸಾಕಿದವರಿಗೆ ಜಾಗ ಹೇಳಬಾರದು, ನಮ್ಮ ಕೆಲಸ ಹಾಗೆ."

"ನಾನು ಬೇಡ ಅಂದಾಗಲಾದ್ರೂ..."

"ನನಗೋಸ್ಕರ ಅದನ್ನ ಸಾಯಿಸಬೇಕಿತ್ತಾ? ಈಗ ತಾಯಿಯಾಗಿದೆ. ಇನ್ನು ನಿಮ್ಮ ಹಿಂದೆ ಬರಲ್ಲ ಅನ್ಸ್ತು. ಅದಕ್ಕೇ ತೋರಿಸಿದೆ."

ಚಿರ್ಮಿ ತಲೆಯೆತ್ತಿ ನೋಡಿತು. ಹೆಸರು ಇಮರ್ತಿಯ ನಾಲಿಗೆ ತುದಿಗೆ ಬಂದಿತ್ತು. ಒಮ್ಮೆ ಕರೆದರೆ ಸಾಕು, ಓಡಿ ಬರಬಹುದು...

ಅವಳು ಓಢಣಿಯ ಸೆರಗನ್ನು ಬಾಯಿಗೊತ್ತಿಕೊಂಡಳು.

ಮರಿಯನ್ನು ಮುಂದೆ ಬಿಟ್ಟುಕೊಂಡು ಚಿರ್ಮಿ ಪೊದೆಗಳಾಚೆ ಮರೆಯಾಯಿತು.

ಸಹೀರಾಮ್ ಜೀಪಿನತ್ತ ನಡೆದ. ಹತ್ತು ಹೆಜ್ಜೆ ಹೋಗಿದ್ದಾನೆ... ಇವನೂ ಹೀಗೇ ಹೊರಟುಹೋದರೆ?

"ಸಹೀರಾಮ್!"

ಅವನು ತಿರುಗಿದ.

"ಸಜ್ಜೆ ರೊಟ್ಟಿ, ಬನ್ನಿಕಾಯಿಯ ಸಾಂಗ್ರಿ ಪಲ್ಯ ತಂದಿದ್ದೀನಿ. ಇಬ್ಬರಿಗಾಗುತ್ತೆ."

"ಹೆಸರು ಮರೆತಿಲ್ಲ ಹಾಗಾದ್ರೆ."

"ಮರೆಯೋಕೆ ಮೂರು ವರ್ಷ ನೋಡಿದೆ," ಎಂದಳು ಇಮರ್ತಿ, ಬುತ್ತಿಯ ಗಂಟು ಬಿಚ್ಚುತ್ತಾ. "ಆಗಲಿಲ್ಲ. ನಿಮ್ಮ ಮನೆಯವರನ್ನ ಇನ್ನೊಂದ್ಸಲ ಕಳಿಸ್ತೀರಾ?"

ಅವನು ಬಂದು ಅವಳ ಪಕ್ಕ ಮರಳಿನಲ್ಲಿ ಕೂತ. "ಮೊದಲು ರೊಟ್ಟಿ ಕೊಡಿ. ನಾಳೆಯೇ ಕಳಿಸ್ತೀನಿ."