ಅಂಚಿನ ಸಾಲಿನ ರಾಗಿ

“ಏನ್ರೀ ಅದು, ಹೊಲಕ್ಕೆ ಎರಚ್ತಿರೋದು?”

ಆ ದನಿಗೆ ರುದ್ರೇಶ್ ತಿರುಗಿ ನೋಡಿದ. ಅವನ ಬೆನ್ನಿಗೆ ಔಷಧಿ ಹೊಡೆಯುವ ಡಬ್ಬಿ, ಕಾಲಿಗೆ ಮೊಣಕಾಲುದ್ದದ ಬೂಟು. ಬದುವಿನ ಮೇಲೆ, ಕಾರ್ಖಾನೆಯ ನೀಲಿ ಅಂಗಿ ತೊಟ್ಟು, ಊಟದ ಬ್ಯಾಗನ್ನು ಎದೆಗವಚಿಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಮುಳುಗುವ ಸೂರ್ಯ ಆಚೆಯ ಅಪಾರ್ಟ್‌ಮೆಂಟಿನ ಗಾಜುಗಳಿಗೆ ಬಡಿದು ಅವಳ ಮುಖಕ್ಕೆ ಕೆಂಪು ಬಳಿದಿದ್ದ.

ಸುತ್ತಿ ಬಳಸಿ ಮಾತಾಡುವುದು ರುದ್ರೇಶನಿಗೆ ಒಗ್ಗುತ್ತಿರಲಿಲ್ಲ.

“ರೋಗ ರೀ,” ಅಂದ. “ಬೆಂಕಿ ರೋಗ.”

ಆ ಹುಡುಗಿ ಮಂಜುಶ್ರೀಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬೆಂಕಿ ರೋಗ... ಎಲೆಯ ಮೇಲೆ ಕಣ್ಣಿನಾಕಾರದ ಬೂದು ಚುಕ್ಕೆಯಾಗಿ ಹುಟ್ಟಿ, ತೆನೆಯ ಕುತ್ತಿಗೆಗೆ ಇಳಿದು, ಕಾಳು ಕಟ್ಟುವ ಮೊದಲೇ ರಾಗಿಯನ್ನು ಸುಟ್ಟು ಜೊಳ್ಳು ಮಾಡುವ ಪೀಡೆ! ಹೊಲದಲ್ಲಿ ನಿಂತು ಆ ಹೆಸರನ್ನೂ ಎತ್ತಬಾರದು ಎನ್ನುತ್ತಿದ್ದರು ಅಜ್ಜಿ ಭದ್ರಮ್ಮ.

ಚಂದಾಪುರದ ಹಿಂದಿನ ಆ ಹೊಲ ಅವರ ಮನೆಯದೇ. ಉಳಿದ ಜಮೀನಿನಲ್ಲೆಲ್ಲ ಅಪ್ಪ ಆಂಜಿನಪ್ಪ ಕಾರ್ಖಾನೆಯವರಿಗೆಂದು ಬಾಡಿಗೆ ಮನೆ ಕಟ್ಟಿಸಿದ್ದರು. ಇದೊಂದನ್ನು ಮಾತ್ರ ಬೆಳೆ ಸಂಶೋಧನೆಯವರಿಗೆ ಗುತ್ತಿಗೆ ಕೊಟ್ಟಿದ್ದರು. ಸಂಶೋಧನೆ ಎಂದರೆ ಇದೇನಾ?

“ನಮ್ಮ ಹೊಲಕ್ಕೆ ನೀವೇ ರೋಗ ಹಚ್ತಿದ್ದೀರಾ? ಆ ಡಬ್ಬಿ ಮೊದಲು ಕೆಳಗಿಳಿಸಿ. ಅಪ್ಪನ್ನ ಕರೀತೀನಿ.”

ಅವನು ಹೆದರಲಿಲ್ಲ, ರೇಗಲೂ ಇಲ್ಲ. ಅವಳ ಅಂಗಿಯ ಜೇಬಿನ ಮೇಲಿದ್ದ ಕಂಪನಿಯ ಹೆಸರು ಓದಿದ.

“ಹೆಲ್ಮೆಟ್ ಕಂಪನಿಯೊಳಗ ನೀವು ಏನ್ ಮಾಡ್ತೀರಿ?”

“ಒಡೀತೀನಿ,” ಎಂದಳು ಸಿಟ್ಟಿನಲ್ಲೇ.

ಅದು ನಿಜವೇ. ಬೊಮ್ಮನಹಳ್ಳಿಯ ಆ ಕಾರ್ಖಾನೆಯಲ್ಲಿ ತಯಾರಾದ ಪ್ರತಿ ರಾಶಿಯಿಂದ ಕೆಲವು ಹೆಲ್ಮೆಟ್ ಎತ್ತಿಕೊಂಡು, ಅವುಗಳ ಮೇಲೆ ಕಬ್ಬಿಣದ ಗುಂಡು ಬೀಳಿಸಿ ಪರೀಕ್ಷಿಸುವುದು ಅವಳ ಕೆಲಸ. ಬಿರುಕು ಬಿಟ್ಟರೆ ಇಡೀ ರಾಶಿಯೇ ವಾಪಸ್ಸು. ಯಾರದೋ ತಲೆ ಉಳಿಯಬೇಕಲ್ಲ.

ರುದ್ರೇಶನ ಮುಖದಲ್ಲಿ ನಗು ಅರಳಿತು. “ಹಂಗಾದ್ರ ನಾವಿಬ್ಬರೂ ಒಂದ ಕಸುಬಿನವರು ರೀ. ರೋಗ ಕೊಡದ ಯಾವ ರಾಗಿ ಗಟ್ಟಿ, ಯಾವುದು ಟೊಳ್ಳು ಅಂತ ತಿಳಿಯೂದು ಹೆಂಗ?”

ಅಪ್ಪನನ್ನು ಕರೆಯಲು ಹೊರಟಿದ್ದವಳು ಅಲ್ಲೇ ನಿಂತುಬಿಟ್ಟಳು.

*

ಅಂದಿನಿಂದ ಕಂಪನಿ ಬಸ್ಸು ಇಳಿದವಳ ಕಾಲು ತಾನಾಗಿ ಹೊಲದ ಬದುವಿನತ್ತ ತಿರುಗತೊಡಗಿತು.

ಅವನು ರಾಣೆಬೆನ್ನೂರು ಕಡೆಯವನು. ಜೋಳದ ರೊಟ್ಟಿ ತಿಂದು ಬೆಳೆದವನು. ಊರಲ್ಲಿರುವುದು ತಾಯಿ ಬಸಮ್ಮ ಒಬ್ಬರೇ. ಎಲೆಕ್ಟ್ರಾನಿಕ್ ಸಿಟಿಯ ಪ್ರಯೋಗಾಲಯದಲ್ಲಿ ಬೆಳಿಗ್ಗೆಯೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಸಂಜೆ ಹೊಲಕ್ಕೆ ಬರುತ್ತಿದ್ದ. ಒಂದೊಂದು ಗಿಡದ ಮುಂದೆಯೂ ಮಂಡಿಯೂರಿ, ಎಲೆಯನ್ನು ಅಂಗೈ ಮೇಲೆ ಮಲಗಿಸಿಕೊಂಡು ನೋಡುತ್ತಿದ್ದ. ದೇವರಿಗೆ ಹೂವು ಏರಿಸುವವರ ಕೈಯಲ್ಲಿ ಇರುತ್ತದಲ್ಲ, ಆ ನಿಧಾನ ಅವನ ಕೈಯಲ್ಲಿತ್ತು.

ಒಮ್ಮೆ ಒಂದು ಸಾಲಿನ ಮುಂದೆ ಅವನು ಬಹಳ ಹೊತ್ತು ಸುಮ್ಮನೆ ಕೂತ. ಆ ತಳಿ ಅವನಿಗೆ ವಿದ್ಯೆ ಕೊಟ್ಟ ಗುರುಗಳು ಆಯುಷ್ಯವೆಲ್ಲ ದುಡಿದು ಮಾಡಿದ್ದು. ಅದಕ್ಕೂ ರೋಗ ತಗುಲಿತ್ತು. ರೋಗದ ಪ್ರಮಾಣವನ್ನು ಸ್ವಲ್ಪ ಕಡಿಮೆ ಬರೆದರೆ ಕೇಳುವವರಿರಲಿಲ್ಲ. ಅವನು ಇದ್ದದ್ದನ್ನು ಇದ್ದ ಹಾಗೇ ಬರೆದ. ಆಮೇಲೆ ತಾನೇ ಫೋನ್ ಮಾಡಿ ಗುರುಗಳಿಗೆ ತಿಳಿಸಿದ. ಆಚೆಯಿಂದ ಏನು ಮಾತು ಬಂತೋ, ಫೋನ್ ಇಟ್ಟವನ ಕಣ್ಣು ಒದ್ದೆಯಾಗಿತ್ತು.

ಇಂಥವರೂ ಇದ್ದಾರಾ ಈ ಕಾಲದಲ್ಲಿ... ಎಂದುಕೊಂಡಳು ಮಂಜುಶ್ರೀ. ಅವಳ ಮನಸ್ಸು ಅವನ ಕಡೆ ವಾಲಿದ್ದು ಆ ಸಂಜೆಯೇ.

ಭದ್ರಮ್ಮನಿಗೂ ಅವನೆಂದರೆ ಅಕ್ಕರೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕೂರಿಸಿಕೊಂಡು ಕಲಿಸಿದರು. ಮೊದಲ ತುತ್ತು ಗಂಟಲಲ್ಲಿ ಸಿಕ್ಕಿ ಅವನು ಕಣ್ಣು ಕಣ್ಣು ಬಿಟ್ಟಾಗ, ಇಷ್ಟೆಲ್ಲ ಓದಿ ನುಂಗೋಕೆ ಬರಲ್ವಲ್ಲಪ್ಪ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮರುವರ್ಷ ಮುಂಗಾರಿಗೆ ಮುಂಚೆ ಒಂದು ದಿನ ಅಜ್ಜಿ ದೇವರ ಮನೆಯಿಂದ ಮೊರ ತುಂಬ ರಾಗಿ ತಂದರು. ಮದುವೆಯಾಗಿ ಬಂದಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜದ ಪೀಳಿಗೆ. ಹಿತ್ತಿಲಿನಲ್ಲಿ ಪ್ರತಿ ವರ್ಷ ಒಂದಿಷ್ಟು ಬಿತ್ತಿ ಉಳಿಸಿಕೊಂಡಿದ್ದರು. ಈಗ ಹಿತ್ತಿಲೂ ಬಾಡಿಗೆ ಮನೆಯಾಗಿತ್ತು.

“ತಗೋ ಕಣಪ್ಪ. ನಿನ್ ಪರೀಕ್ಸೆಗೆ ಇದ್ನೂ ಆಕು. ನಾನು ಓದ್ರೂ ಇದು ಓಗಬಾರ್ದು.”

ಅವನು ಎರಡೂ ಕೈಯಲ್ಲಿ ಮೊರ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಂಜುಶ್ರೀಯ ಎದೆ ತುಂಬಿ ಬಂತು.

*

ಮಳೆ ಬಂತು, ಪೈರು ಎದ್ದಿತು. ಮನೆಗೆ ಬಂದಾಗಲೆಲ್ಲ ಅವನಿಗೆ ಅಜ್ಜಿಯದು ಒಂದೇ ಪ್ರಶ್ನೆ: ನನ್ನ ರಾಗಿ ಹೇಗಿದೆ?

ಚೆನ್ನಾಗಿದೆ ಎನ್ನುತ್ತಿದ್ದ. ಹೊಲದ ಸುತ್ತ ಅಂಚಿಗೆಲ್ಲ ಅದನ್ನೇ ಹಾಕಿದ್ದೇನೆ ಎನ್ನುತ್ತಿದ್ದ. ಭದ್ರಮ್ಮ ಬಾಡಿಗೆಯವರ ಮುಂದೆಲ್ಲ ಅದನ್ನೇ ಹೇಳಿಕೊಂಡು ಬೀಗುತ್ತಿದ್ದರು. ಮಂಡಿ ನೋವಿನಿಂದ ಅವರು ಹೊಲದ ಕಡೆ ಹೋಗುತ್ತಿರಲಿಲ್ಲ. ಕೇಳಿದ್ದೇ ಕಂಡಂತೆ.

ತೆನೆ ಒಡೆಯುವ ಹೊತ್ತಿಗೆ ಮನೆಯಲ್ಲಿ ಮದುವೆಯ ಮಾತೂ ಎದ್ದಿತು. ಕುಲ ಬೇರೆ ಎಂದು ಆಂಜಿನಪ್ಪ ಗೊಣಗಿದರು. ಮುದ್ದೆ ನುಂಗೋದು ಕಲ್ತವ್ನೆ, ಇನ್ನೇನು ಬೇಕು ನಿಂಗೆ ಎಂದು ಭದ್ರಮ್ಮ ಮಗನ ಬಾಯಿ ಮುಚ್ಚಿಸಿದರು. ಭಾನುವಾರ ಬಸಮ್ಮ ಊರಿಂದ ಬರುವುದು, ಅಂದು ಮಂಜುಶ್ರೀ ತನ್ನ ಬಾಯಿಂದಲೇ ಒಪ್ಪಿಗೆ ಹೇಳುವುದು ಎಂದಾಯಿತು. ಹೇಳಲಿಕ್ಕೇನಿದೆ... ಅವಳ ಮನಸ್ಸು ಎಂದೋ ಹೇಳಿಬಿಟ್ಟಿತ್ತು.

ಆ ವಾರವೇ ಒಂದು ಸಂಜೆ ಅವಳು ಹೊಲಕ್ಕೆ ಬಂದಾಗ ಅಲ್ಲಿ ವಿದ್ಯಾರ್ಥಿಗಳ ಗುಂಪು. ರುದ್ರೇಶನ ಮೇಲಿನ ಅಧಿಕಾರಿ ಶೈಲಜಾ ಮೇಡಂ ಅಂಚಿನ ಸಾಲು ತೋರಿಸಿ ಪಾಠ ಹೇಳುತ್ತಿದ್ದರು. ಸುತ್ತಲೂ ರೋಗಕ್ಕೆ ಬೇಗ ಬಲಿಯಾಗುವ ತಳಿ ಹಾಕಬೇಕು, ಅದಕ್ಕೆ ಮೊದಲು ರೋಗ ಹತ್ತಿ ಅಲ್ಲಿಂದ ಒಳಗಿನ ಎಲ್ಲ ಸಾಲಿಗೂ ಸಮನಾಗಿ ಹಬ್ಬಬೇಕು, ಆಗಲೇ ಪರೀಕ್ಷೆ ನಿಜ ಎಂದರು.

“ಹೋದ ವರ್ಷ ಅಂಚಿಗೆ ಹಾಕಿದ್ದ ತಳಿಗೆ ರೋಗ ಸರಿಯಾಗಿ ಹಿಡೀಲೇ ಇಲ್ಲ. ಈ ಸಲ ರುದ್ರೇಶ್ ಇಲ್ಲೇ ಯಾರೋ ಅಜ್ಜಿ ಹತ್ರ ಒಂದು ಬೀಜ ತಂದ್ರು. ಇಷ್ಟು ಬೇಗ ಸಾಯೋ ರಾಗಿ ನಾನು ನೋಡೇ ಇರಲಿಲ್ಲ.”

ಮಂಜುಶ್ರೀ ಅಂಚಿನತ್ತ ನೋಡಿದಳು. ಎಳೆಯ ತೆನೆಗಳು ಕುತ್ತಿಗೆ ಕಪ್ಪಾಗಿ ಜೋತುಬಿದ್ದಿದ್ದವು. ಸಂಜೆಯ ಮಬ್ಬು ಬೆಳಕಿನಲ್ಲಿ, ಅವನ ಮುಖ ನೋಡುವ ಗುಂಗಿನಲ್ಲಿ, ಅವಳು ಅದನ್ನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅವನೆದುರು ನಿಂತಳು.

“ನಮ್ಮಜ್ಜಿ ರಾಗಿನ ಸಾಯಲಿ ಅಂತಲೇ ಹಾಕಿದ್ರಾ?”

ಅವನು ತಲೆ ತಗ್ಗಿಸಿದ. ಪ್ರಯೋಗಾಲಯದ ಗಾಜಿನ ಮನೆಯಲ್ಲಿ ಮೊದಲು ಸಸಿ ಬೆಳೆಸಿ ನೋಡಿದ್ದನಂತೆ. ರೋಗ ಸೋಕಿದ್ದೇ ತಡ ಎಲ್ಲವೂ ಮಲಗಿಬಿಟ್ಟವಂತೆ. ಇದು ಒಳಗಿನ ಸಾಲಿಗಲ್ಲ, ಅಂಚಿಗೇ ತಕ್ಕದ್ದು ಎಂದು ಆಗಲೇ ತಿಳಿಯಿತಂತೆ.

“ಹೇಳಬೇಕಂತ ಬಂದೆ ರೀ. ಅಜ್ಜಿ ಆ ಕಣ್ಣಿಟ್ಟು ಕೇಳಿದ್ರು... ಆಗಲಿಲ್ಲ.”

“ಗಿಡದ ವಿಷಯದಲ್ಲಿ ಗುರುಗಳಿಗೂ ಸುಳ್ಳು ಹೇಳದೋರು ನೀವು. ನಮ್ಮ ಜಗಲಿ ಮೇಲೆ ಕೂತು, ನಮ್ಮ ಅನ್ನ ಉಂಡು, ಒಂದು ಮಳೆಗಾಲ ಪೂರ್ತಿ ಸುಳ್ಳು ಹೇಳಿದ್ರಿ.” ಅವಳು ಊಟದ ಬ್ಯಾಗನ್ನು ಹೆಗಲಿಗೇರಿಸಿದಳು. “ಭಾನುವಾರ ಬರಬೇಡಿ.”

*

ಮನೆಯತ್ತ ನಡೆಯುವಾಗ ದಾರಿ ಕಾಣಲಿಲ್ಲ. ಇಂದು ರಾಗಿಯ ಮಾತು. ನಾಳೆ ಮಗುವಿನ ಕಾಯಿಲೆ, ಕೈತಪ್ಪಿದ ಕೆಲಸ... ನೋವಾಗುತ್ತದೆ ಎಂದು ಇವನು ಇನ್ನು ಏನೇನು ಮುಚ್ಚಿಟ್ಟಾನು? ಇಂಥವನ ಕೈ ಹಿಡಿದು ಬಾಳುವುದು ಹೇಗೆ?

ಜಗಲಿಯಲ್ಲಿ ಭದ್ರಮ್ಮ ಹೂ ಕಟ್ಟುತ್ತಿದ್ದರು. ಮೊಮ್ಮಗಳನ್ನು ಕಂಡು ಮುಖ ಅರಳಿತು.

“ಒಲದ ಕಡೆಯಿಂದ ಬಂದೇನವ್ವ? ನನ್ ರಾಗಿ ಎಂಗೈತೆ?”

ನಿಜ ಹೇಳಬೇಕು ಎಂದೇ ಮಂಜುಶ್ರೀ ಬಾಯಿ ತೆರೆದಳು. ಅಜ್ಜಿಯ ಕಣ್ಣು ಅವಳನ್ನೇ ನೋಡುತ್ತಿತ್ತು. ತವರಿನ ಸುದ್ದಿ ಕೇಳುವ ಹೊಸ ಮದುಮಗಳ ಕಣ್ಣಿನ ಹಾಗೆ...

“ಚೆನ್ನಾಗೈತೆ ಅಜ್ಜಿ.”

ಮಾತು ಹೊರಬಿದ್ದ ಮೇಲೆ ಅವಳೇ ಬೆಚ್ಚಿದಳು. ಅವನ ಮೇಲೆ ಹೊರಿಸಿ ಬಂದ ತಪ್ಪು ಈಗ ತನ್ನ ನಾಲಗೆಯ ಮೇಲೆಯೇ ಇತ್ತು. ಪ್ರೀತಿ ಮನುಷ್ಯನನ್ನು ಧೈರ್ಯವಂತನನ್ನಾಗಿ ಮಾಡುತ್ತದೆ ಎನ್ನುತ್ತಾರೆ. ಪುಕ್ಕಲನನ್ನಾಗಿಯೂ ಮಾಡುತ್ತದೆ. ಅದನ್ನು ತಿಳಿಯಲು ಒಮ್ಮೆ ಅಂಥ ಕಣ್ಣೆದುರು ನಿಲ್ಲಬೇಕು.

*

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಮೊದಲೇ ರುದ್ರೇಶ್ ಬಾಗಿಲಲ್ಲಿದ್ದ. ಮಂಜುಶ್ರೀಯ ಕಡೆ ನೋಡಲಿಲ್ಲ. ಅಜ್ಜಿಯ ಮುಂದೆ ನೆಲದ ಮೇಲೆ ಕೂತ.

“ಅಜ್ಜಿ, ಹೊಲಕ್ಕ ಬರ್ರಿ. ನಾನು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ. ನಿಮಗ ಒಂದು ತೋರಿಸೂದೈತಿ.”

ಇಬ್ಬರೂ ಮೆಲ್ಲಗೆ ಮುಂದೆ ನಡೆದರು. ಮಂಜುಶ್ರೀ ಹಿಂದೆ. ಹೊಲ ಕಂಡದ್ದೇ ಭದ್ರಮ್ಮ ನಿಂತುಬಿಟ್ಟರು. ಯಾರೂ ಹೇಳಬೇಕಿರಲಿಲ್ಲ, ತನ್ನ ರಾಗಿಯ ಗುರುತು ಅವರಿಗಿತ್ತು. ಆದರೂ ಅವನು ಬಿಡಲಿಲ್ಲ. ಬಾಯಿಬಿಟ್ಟೇ ಹೇಳಿದ. ಇದು ರೋಗಕ್ಕೆ ತಾಳದೆಂದು ಬಿತ್ತುವ ಮೊದಲೇ ಗೊತ್ತಿತ್ತೆಂದ. ಅದಕ್ಕಾಗಿಯೇ ಅಂಚಿಗೆ ಹಾಕಿದೆನೆಂದ. ಚೆನ್ನಾಗಿದೆ ಎಂದದ್ದೆಲ್ಲ ಸುಳ್ಳೆಂದ.

ಭದ್ರಮ್ಮ ಒಂದು ಕರಕಲು ತೆನೆಯನ್ನು ಬೆರಳಲ್ಲಿ ಸವರುತ್ತ ನಿಂತರು. ಹೊಸೂರು ರಸ್ತೆಯ ಲಾರಿಗಳ ಸದ್ದು ಗಾಳಿಯಲ್ಲಿ ಬಂದು ಹೋಯಿತು.

“ರಾಗಿ ಸಾಯ್ತದೆ, ನಾನೂ ಸಾಯ್ತೀನಿ. ಅದಕ್ಕೆ ನೋವಿಲ್ಲ,” ಅಂದರು. “ಉಂಡ ಮನೇಲಿ ಸುಳ್ ಏಳಬಾರದು ಕಣಪ್ಪ.”

“ತಪ್ಪಾತು ಅಜ್ಜಿ.”

ಮಂಜುಶ್ರೀಗೆ ತಡೆಯಲಾಗಲಿಲ್ಲ. “ನಾನೂ ಹೇಳಿದೆ, ಅಜ್ಜಿ. ನಿನ್ನೆ ಸಂಜೆ. ಎಲ್ಲ ನೋಡ್ಕೊಂಡು ಬಂದೇ ಹೇಳಿದೆ.”

ಅಜ್ಜಿ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ದಿಟ್ಟಿಸಿದರು.

“ಇಬ್ರೂ ಸೇರ್ಕೊಂಡು ನನ್ನ ತೊಟ್ಲಲ್ಲಿ ಮಲಗಿಸ್ಬಿಟ್ರಾ? ಎಷ್ಟು ಬರ, ಎಷ್ಟು ಸಾವು ಕಂಡವಳು ನಾನು...” ಎಂದವರು ಒಳಗಿನ ಸಾಲುಗಳತ್ತ ಕೈ ತೋರಿದರು. ಅಲ್ಲಿ ಅರ್ಧ ಬೆಳೆ ಸುಟ್ಟಿತ್ತು. ನಡುವೆ ಕೆಲವು ಸಾಲು ಮಾತ್ರ ಚುಕ್ಕೆಯಿಲ್ಲದೆ, ಹಸಿರು ಮುಷ್ಟಿ ಬಿಗಿಹಿಡಿದು ನಿಂತಿದ್ದವು. “ಅವು ಎಂಗೆ ಉಳಿದ್ವು?”

“ಅವು ಗಟ್ಟಿ ಅದಾವ್ರಿ. ನಿಮ್ಮ ರಾಗಿ ಅಷ್ಟು ರೋಗ ಹಿಡಿದು ಹಬ್ಬಿಸಿದ್ದಕ್ಕ ಅವು ಗಟ್ಟಿ ಅಂತ ನಮಗ ತಿಳೀತು. ಇಲ್ಲದಿದ್ರ ರೋಗದ ಗಾಳಿ ತಾಗದ ಉಳಕೊಂಡದ್ದನ್ನೂ ಗಟ್ಟಿ ಅಂತ ತಿಳಿದು ರೈತರ ಕೈಗೆ ಕೊಟ್ಟಿರ್ತಿದ್ವಿ.” ಅವನು ಅಜ್ಜಿಯತ್ತ ತಿರುಗಿದ. “ನಿಮ್ಮ ಬೀಜ ತಣ್ಣನ ಕೋಣೆಯೊಳಗ ಜೋಪಾನ ಇಟ್ಟೀನ್ರಿ. ಇನ್ನ ಪ್ರತಿ ವರ್ಷ ಅಂಚಿಗೆ ಅದ ಬೇಕು.”

“ನಾನು ಓದ ಮೇಲೂ ಬಿತ್ತೀರಾ?”

“ಬಿತ್ತಲೇಬೇಕ್ರಿ.”

ಭದ್ರಮ್ಮ ಊರಿನತ್ತ ತಿರುಗಿ ಕೈ ಮುಗಿದರು.

“ನಮ್ಮ ಮಾರಮ್ಮ ಊರೊಳಗೆ ಇಲ್ಲ, ಊರ ಗಡೀಲಿ ಕೂತವಳೆ. ಯಾಕೆ? ಬರೋ ಪೀಡೆ ಮೊದ್ಲು ತನಗೇ ತಾಕ್ಲಿ ಅಂತ. ನನ್ ತವರಿನ ರಾಗೀನೂ ಅಲ್ಲೇ ನಿಂತೈತೆ ಅನ್ಕೋತೀನಿ, ಬಿಡು.”

ಹೀಗೆ ಅಂದು, ಹೊಂಗೆ ಮರದ ನೆರಳಲ್ಲಿ ಕೂತು ಮಂಡಿ ನೀವಿಕೊಳ್ಳತೊಡಗಿದರು. ಅಂಚಿನ ಸಾಲಿನ ಬಳಿ ಉಳಿದವರು ಇಬ್ಬರೇ.

*

“ಯಾಕೆ ನನಗಾದರೂ ಹೇಳಲಿಲ್ಲ?” ಮಂಜುಶ್ರೀ ಮೆಲ್ಲಗೆ ಕೇಳಿದಳು.

“ಹೇಳಿದ್ರ ಬಿಟ್ಟು ಹೋಗ್ತೀರಿ ಅಂತ ಅಂಜಿದೆ.”

“ಹೇಳದೇ ಇದ್ದಿದ್ದಕ್ಕೆ ಬಿಟ್ಟು ಹೋಗ್ತಿದ್ದೆ.”

ಅವನು ಅವಳನ್ನು ನೋಡಿದ. ಹೋಗ್ತಿದ್ದೆ ಎಂದಳೇ ಹೊರತು ಹೋಗುತ್ತೇನೆ ಎನ್ನಲಿಲ್ಲ...

“ಹಂಗಾದ್ರ ಭಾನುವಾರ ಅವ್ವನ್ನ ಕರ್ಕೊಂಡು ಬರ್ಲೇನು?”

ಅವಳಿಗೆ ಒಂದು ಅನುಮಾನ ಹೊಳೆಯಿತು. “ನಮ್ಮನೇಲಿ ಬಾಡೂಟ ಮಾಡ್ತಾರೆ ಅಂತ ನಿಮ್ಮ ಅಮ್ಮನಿಗೆ ಹೇಳಿದ್ದೀರಾ?”

ರುದ್ರೇಶ್ ಬೂಟಿನ ತುದಿ ನೋಡಿಕೊಂಡ.

“ಹೇಳಿಲ್ವಾ?”

ಅವನು ಫೋನ್ ತೆಗೆದು ಅಲ್ಲೇ, ಅವಳೆದುರೇ ಊರಿಗೆ ಕರೆ ಮಾಡಿದ. ಸ್ಪೀಕರ್ ಹಾಕಿದ. “ಅವ್ವಾ, ಒಂದು ಮಾತು ಹೇಳೂದೈತಿ. ಇವರ ಮನಿಯೊಳಗ ಮಾಂಸ ತಿಂತಾರ.”

“ಆ ಕಡಿ ಮಂದಿ ತಿಂತಾರ ಅಂತ ನನಗ ಗೊತ್ತಿಲ್ಲೇನು? ಇಷ್ಟು ಮುಂಜಾನೆ ಇದನ್ನ ಹೇಳಾಕ ಫೋನ್ ಮಾಡಿದಿ?” ಬಸಮ್ಮನ ದನಿಯಲ್ಲಿ ಗಾಬರಿಗಿಂತ ಬೇಸರವಿತ್ತು. “ಹುಡುಗಿ ಹೆಂಗದಾಳ, ಅದನ್ನ ಹೇಳು.”

ಅವನು ಮಂಜುಶ್ರೀಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

“ಸಿಟ್ಟು ಬಾಳ, ಅವ್ವಾ. ನಿನ್ನೆ ಸಂಜಿ ಬರಬ್ಯಾಡ ಅಂದ್ಳು. ಆವಾಗಿಂದ ನನಗ ಉಸಿರು ಸರಿ ಆಡವಲ್ದು. ಆಕಿ ಇಲ್ಲದ ನನಗ ಆಗೂದಿಲ್ಲ.”

ಹುಡುಗಿ ಪಕ್ಕದಲ್ಲೇ ಇದ್ದಾಳೆಂದು ಬಸಮ್ಮನಿಗೆ ಹೊಳೆಯಿತು. ಆಚೆಯಿಂದ ಬಂದದ್ದು, ಸ್ಪೀಕರ್ ತೆಗೆದು ಫೋನ್ ಆಕೆಯ ಕೈಗೆ ಕೊಡು ಎಂಬ ಅಪ್ಪಣೆ.

ಮಂಜುಶ್ರೀ ಫೋನನ್ನು ಕಿವಿಗಿಟ್ಟು ದೂರ ಸರಿದಳು. ‘ಅತ್ತೆ’ ಎಂಬ ಮಾತು ಯಾರೂ ಕಲಿಸದೆ ಬಾಯಿಗೆ ಬಂತು. ಕೇಳಿದಳು, ಹೂಂಗುಟ್ಟಿದಳು, ಒಮ್ಮೆ ನಕ್ಕಳು, ಸೆರಗಿಲ್ಲದ ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡಳು.

“ಏನಂದ್ಳು ಅವ್ವ?” ಅವನಿಗೆ ಆತಂಕ.

“ಹೇಳಲ್ಲ.”

“ಮುಚ್ಚಿಡಬಾರದಂತ ನೀವ ಅಂದ್ರೆಲ್ಲ?”

ಅವಳು ಹತ್ತಿರ ಬಂದಳು. ಮಣ್ಣು ಮೆತ್ತಿದ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು.

“ನನ್ನ ಮಗ ಕಹಿ ಮಾತು ಹೇಳೋಕೆ ಅಂಜ್ತಾನೆ, ಹತ್ರ ಕೂತು ಕೈ ಹಿಡ್ಕೊಂಡ್ರೆ ಹೇಳ್ತಾನೆ ಅಂದ್ರು.” ಅವಳ ದನಿ ಪಿಸುಮಾತಾಯಿತು. “ಹಿಡ್ಕೊಂಡಿದ್ದೀನಿ. ಇನ್ನೇನಾದ್ರೂ ಇದ್ರೆ ಹೇಳಿ.”

“ಈಗ ಕಹಿ ಏನೂ ಉಳಿದಿಲ್ರಿ.”

“ಇಲ್ಲದಿದ್ರೂ ಪರವಾಗಿಲ್ಲ,” ಎಂದಳು ಮಂಜುಶ್ರೀ. ಕೈ ಮಾತ್ರ ಬಿಡಲಿಲ್ಲ.