ನಮ್ಮದಲ್ಲ ಎಂದ ಕಂಬಳಿ ನೇಕಾರ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಮಾತು ಮರೆತುಹೋಗದಿದ್ದ ಕಾಲದಲ್ಲಿ, ಮುತ್ತಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಅಂಚಿನ ಕುರಿಹಟ್ಟಿಯಲ್ಲಿ ದ್ಯಾವಣ್ಣ ಎಂಬ ಕಂಬಳಿ ನೇಕಾರನಿದ್ದ. ಅವನ ಹೆಂಡತಿ ನಿಂಗವ್ವ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಾಗಿಲಿಗೆ ಕಟ್ಟಿದ ತೋರಣ ಒಣಗಿತ್ತು, ಉದುರಿರಲಿಲ್ಲ.

ಮನೆಯಲ್ಲಿ ಇವರಿಬ್ಬರಲ್ಲದೆ ಇನ್ನೂ ಮೂವರಿದ್ದರು. ಮೊದಲನೆಯದು ಕಿವಿ ಹರಿದ ನಾಯಿ ಡೊಂಕ. ನಾಯಿಬಾಲ ಡೊಂಕಲ್ಲದೆ ನೆಟ್ಟಗಿರುತ್ತದೆಯೇ ಎನ್ನಬೇಡಿ, ಇದರದು ಬೇರೆ ನಾಯಿಗಳೂ ತಿರುಗಿ ನೋಡುವಷ್ಟು ಡೊಂಕು. ಎರಡನೆಯದು ಆರಿದ ಒಲೆಯೊಳಗೆ ಮಲಗಿ ಬೂದಿ ಮೆತ್ತಿಕೊಂಡೇ ಏಳುವ ಬೆಕ್ಕು, ಹೆಸರು ಬೂದಿ. ಮೂರನೆಯದು ಮಗ್ಗದ ಮೇಲೆ ಕೂರುವ ಗೊರವಂಕ. ಕೇಳಿದ್ದನ್ನೆಲ್ಲ ಕೇಳದವರಿಗೂ ಹೇಳುತ್ತಿದ್ದುದರಿಂದ ಅದಕ್ಕೆ ಚಾಡಿ ಎಂದೇ ಹೆಸರು.

ಆ ಸೀಮೆಯಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಹೇಳುವ ಹಾಗಿರಲಿಲ್ಲ. ಹೊಸ ಜೋಡಿಗೆ "ಏನ್ರೀ" ಎನ್ನುವುದಕ್ಕೂ ನಾಚಿಕೆ. ಹಾಗಾಗಿ ಇವರ ಸಂಸಾರದ ಮಾತೆಲ್ಲ ಆ ಮೂವರ ಮೂಲಕವೇ ನಡೆಯುತ್ತಿತ್ತು.

"ಬೂದಿ, ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವ ಅಂತ."

"ಡೊಂಕ, ನಿಮ್ಮವ್ವಗ ಹೇಳು, ಈ ಎಳಿ ಮುಗಿಸಿ ಬಂದೆ ಅಂತ."

ಮುನಿಸು ಬಂದ ದಿನ ಈ ಮಾತು ಇನ್ನೂ ಹೆಚ್ಚಾಗುತ್ತಿತ್ತು. ನಾಯಿಗೆ ಅಷ್ಟು ಉಪದೇಶ ಮಾಡುವ ಮನೆ ಹಟ್ಟಿಯಲ್ಲಿ ಮತ್ತೊಂದಿರಲಿಲ್ಲ.

ದ್ಯಾವಣ್ಣ ಕರಿಯುಣ್ಣೆಯ ನೂಲಿಗೆ ಹುಣಿಸೆಬೀಜದ ಸರಿ ಎಂಬ ಅಂಟುಗಂಜಿ ಹಚ್ಚಿ ನೇಯುತ್ತಿದ್ದ. ಅವನು ನೇಯ್ದ ಒಂದು ಕಂಬಳಿ ಕೈಯಿಂದ ಕೈಗೆ ಹೋಗಿ ಅರಮನೆ ಸೇರಿತು. ಯಾವ ವೈದ್ಯನಿಗೂ ಬಗ್ಗದ ರಾಣಿಯ ಚಳಿಜ್ವರ ಅದನ್ನು ಹೊದ್ದ ಕೂಡಲೇ ಬಿಟ್ಟುಹೋಯಿತು. ರಾಜ ವೀರಮುತ್ತ "ಆ ನೇಕಾರನನ್ನು ಕರೆತನ್ನಿ, ಅವನು ಇನ್ನು ಸಭೆಯ ಮನುಷ್ಯ" ಎಂದ. ಬಂಡಿ ಬಂತು. ಮಗ್ಗ, ಒನಕೆ, ಹೆಂಡತಿ, ನಾಯಿ, ಬೆಕ್ಕು, ಹಕ್ಕಿ ಎಲ್ಲ ಬಂಡಿ ಹತ್ತಿ ರಾಜಧಾನಿಗೆ ಬಂದವು.

ಅರಮನೆಯಲ್ಲಿ ಧೂಮಕ ಎಂಬವನಿದ್ದ. ಯಾರು ಎಲ್ಲಿ ಕೂರಬೇಕು, ಯಾರು ಎಷ್ಟು ಬಗ್ಗಬೇಕು ಎಂಬುದನ್ನು ನೋಡಿಕೊಳ್ಳುವ ಅಧಿಕಾರಿ. ಮೈಮೇಲೆ ಸುಕ್ಕಿಲ್ಲದ ಬಿಳಿ ನಿಲುವಂಗಿ. ಅವನು ಮಾಯಾವಿ ಎಂದು ಗೊತ್ತಿದ್ದವರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಒಂದೇ ಮಾಯೆ. ಯಾರಾದರೂ ನಾಚಿಕೊಂಡು ತಮ್ಮದನ್ನು ತಮ್ಮದಲ್ಲ ಎಂದರೆ ಅದು ಅವನದಾಗುತ್ತಿತ್ತು. ಅವನದಾದದ್ದು ಕಲ್ಲಾಗಿ ಅವನ ಹಿತ್ತಿಲು ಸೇರುತ್ತಿತ್ತು.

ದ್ಯಾವಣ್ಣನಿಗೆ ರೇಷ್ಮೆ ರುಮಾಲು ಕೊಟ್ಟರು. ಮೊದಲ ಸಭೆಗೆ ಅವನು ಎದೆ ಉಬ್ಬಿಸಿ ಹೋದ. ಹಿಂದೆಯೇ ಡೊಂಕ ಬಂದಿತ್ತು. ರತ್ನಗಂಬಳಿಯ ನಡುಮಧ್ಯೆ ಕೂತು, ಕಾಲೆತ್ತಿ ಕಿವಿ ಕೆರೆದುಕೊಂಡಿತು. ಸಭೆ ಗೊಳ್ಳೆಂದಿತು.

"ಈ ನಾಯಿ ಯಾರದು?" ಎಂದ ಧೂಮಕ, ಬಹಳ ಮೆಲ್ಲಗೆ.

ಡೊಂಕ ದ್ಯಾವಣ್ಣನ ಕಡೆ ನೋಡಿ ಬಾಲ ಆಡಿಸಿತು. ದ್ಯಾವಣ್ಣ ಗೋಡೆ ನೋಡಿದ. "ನಮ್ಮದಲ್ಲ" ಎಂದ.

ಕಾವಲುಗಾರರು ನಾಯಿಯನ್ನು ಎಳೆದುಕೊಂಡು ಹೋದರು. ಮನೆಗೆ ಬಂದಾಗ ನಿಂಗವ್ವ ಬಾಗಿಲಲ್ಲೇ ನಿಂತಿದ್ದಳು. "ಬೂದಿ, ಕೇಳು ನಿಮ್ಮಪ್ಪನ್ನ, ಡೊಂಕ ಎಲ್ಲಿ?" ಎಂದಳು. "ಎಲ್ಲೋ ಅಲೀಲಿಕ್ಕೆ ಹೋಗಿರಬೇಕು, ಬರ್ತಾನ" ಎಂದ ದ್ಯಾವಣ್ಣ. ಆ ದಿನ ಉಣ್ಣುವಾಗ ಅವನು ನಾಯಿಗೆಂದು ಎತ್ತಿಡುವ ಕೊನೆಯ ತುತ್ತು ಕೈಯಲ್ಲೇ ಉಳಿಯಿತು.

ಎರಡನೆಯ ಸಭೆಗೆ ಬೂದಿ ನುಸುಳಿ ಬಂತು. ನಾಯಿಯನ್ನು ಹುಡುಕಿಕೊಂಡು ಬಂದಿತ್ತೋ ಏನೋ. ರಾಣಿಯ ಬಿಳಿ ದಿಂಬು ಮೆತ್ತಗಿದೆಯೆಂದು ಅದರ ಮೇಲೆ ಸುತ್ತಿ ಮಲಗಿತು. ದಿಂಬಿನ ತುಂಬ ಬೂದಿಯ ಹೆಜ್ಜೆ. ಸಭೆ ಮೂಗು ಮುಚ್ಚಿಕೊಂಡಿತು.

"ಈ ಬೆಕ್ಕು ಯಾರದು?"

"ನಮ್ಮದಲ್ಲ" ಎಂದ ದ್ಯಾವಣ್ಣ. ಮೊದಲ ಸಲಕ್ಕಿಂತ ಈ ಸಲ ಬೇಗ ಬಂತು ಮಾತು. ನಾಚಿಕೆಗೇಡಿನ ಕೆಲಸಕ್ಕೂ ಕೈ ಪಳಗುತ್ತದೆ ನೋಡಿ.

ಮೂರನೆಯ ಸಭೆಗೆ ಚಾಡಿ ಕಿಟಕಿಯಿಂದ ಹಾರಿಬಂದು ಸಿಂಹಾಸನದ ಮೇಲೆ ಕೂತಿತು. ನಿಂಗವ್ವನ ದನಿಯಲ್ಲೇ ಕೂಗಿತು: "ಸರಿ ಮೆತ್ತಿದ ಕೈ ತೊಳಕೊಂಡು ಬರ್ರಿ, ಆಮೇಲೆ ಮುದ್ದು!" ರಾಜನೂ ಹೊಟ್ಟೆ ಹಿಡಿದುಕೊಂಡು ನಕ್ಕ. ದ್ಯಾವಣ್ಣನ ಮುಖ ಕೆಂಪಾಯಿತು.

"ಈ ಹಕ್ಕಿ ಯಾರದು?"

"ನಮ್ಮದಲ್ಲ, ನಮ್ಮದಲ್ಲ."

ಮೂವರೂ ಹೋದ ಮನೆಯಲ್ಲಿ ಮಾತು ನಿಂತುಹೋಯಿತು. ಯಾರಿಗೆ ಹೇಳಿ ಯಾರನ್ನು ಕರೆಯುವುದು? ದ್ಯಾವಣ್ಣ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದ, ತಗ್ಗಿಸಿಕೊಂಡೇ ಹೋಗುತ್ತಿದ್ದ. ಕಡೆಗೆ ನಿಂಗವ್ವ ತಾನೇ ಅವುಗಳನ್ನು ಹುಡುಕಲು ಹೊರಟಳು. ಗಂಡನಿಗೆ ಬುತ್ತಿಯನ್ನೂ ಕಟ್ಟಿಕೊಂಡು ಅರಮನೆ ಬಾಗಿಲಿಗೆ ಬಂದಳು.

"ಯಾರಮ್ಮ ನೀನು? ಗಂಡನ ಹೆಸರೇನು?" ಎಂದ ಕಾವಲುಗಾರ.

ಹೆಸರು ಹೇಳುವಂತಿಲ್ಲ. ಹೇಳದೆ ಒಳಗೆ ಬಿಡುವುದಿಲ್ಲ. ನಿಂಗವ್ವ ಸೆರಗು ಎಳೆದುಕೊಂಡು, ಮದುವೆಯಲ್ಲಿ ಹೆಂಗಸರು ಹೇಳಿಸಿದ ಒಡಪನ್ನೇ ಹೇಳಿದಳು:

"ಹುಣಿಸೆಬೀಜದ ಸರಿ, ಕುರಿಯುಣ್ಣೆ ಕರಿ,
ಕಂಬಳಿ ನೇಯೋರು ನಮ್ಮನಿ ದೊರಿ."

ಕಾವಲುಗಾರ ನಕ್ಕು ಅವಳನ್ನು ಸಭೆಗೇ ಕರೆದುಕೊಂಡು ಹೋದ. ಧೂಮಕ ಒಡಪನ್ನು ಇನ್ನೊಮ್ಮೆ ಹೇಳಿಸಿದ, ಮತ್ತೊಮ್ಮೆ ಹೇಳಿಸಿದ. ಪ್ರತಿ ಸಲವೂ ಸಭೆ ಬಿದ್ದು ಬಿದ್ದು ನಕ್ಕಿತು. ನಿಂಗವ್ವ ಬುತ್ತಿ ಹಿಡಿದುಕೊಂಡು ಗಂಡನ ಕಡೆ ನೋಡಿದಳು. ಅವನು ಹೂಂ ಎಂದರೆ ಸಾಕಿತ್ತು.

"ದೊರೆಗಳೇ," ಎಂದು ಧೂಮಕ ದ್ಯಾವಣ್ಣನಿಗೆ ಕೈಮುಗಿದ, "ಇವರು ತಮಗೆ ಏನಾಗಬೇಕು?"

ದ್ಯಾವಣ್ಣ ರುಮಾಲು ಸರಿಮಾಡಿಕೊಂಡ. "ಏನೂ ಆಗಬೇಕಿಲ್ಲ" ಎಂದ. "ನಮ್ಮ ಕಡೆಯ ಕೆಲಸದಾಕೆ."

ನಿಂಗವ್ವ ಅಳಲಿಲ್ಲ. ಬುತ್ತಿಯನ್ನು ಅವನ ಕಾಲ ಹತ್ತಿರ ಇಟ್ಟು, ತಿರುಗಿ ನಡೆದಳು.

ಸಂಜೆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ದ್ಯಾವಣ್ಣ ಊರೆಲ್ಲ ಹುಡುಕಿದ. ಕಡೆಗೆ ಧೂಮಕನ ಹಿತ್ತಿಲ ಬಾಗಿಲು ತಳ್ಳಿದ. ಅಲ್ಲಿ ಕಲ್ಲಿನ ಅಜ್ಜಿಯರು, ಕಲ್ಲಿನ ಕುಂಟರು, ಕಲ್ಲಿನ ಎತ್ತು, ಕಲ್ಲಿನ ತಮ್ಮಂದಿರು ಸಾಲಾಗಿ ನಿಂತಿದ್ದರು. ಕೊನೆಯಲ್ಲಿ ಬಾಲ ಡೊಂಕಾದ ಕಲ್ಲುನಾಯಿ, ಸುತ್ತಿ ಮಲಗಿದ ಕಲ್ಲುಬೆಕ್ಕು, ಬಾಯಿ ತೆರೆದ ಕಲ್ಲುಹಕ್ಕಿ. ಅವುಗಳ ನಡುವೆ ಕಲ್ಲಿನ ನಿಂಗವ್ವ. ಅವನು ಆ ಕಲ್ಲಿನ ಕಾಲು ಹಿಡಿದುಕೊಂಡು ಗೋಳೋ ಎಂದು ಅತ್ತ.

"ಅಳು, ಅಳು, ಇಲ್ಲಿ ಯಾರೂ ನೋಡುವುದಿಲ್ಲ" ಎಂದ ಧೂಮಕ ಹಿಂದಿನಿಂದ. "ಬಿಡಿಸಿಕೊಳ್ಳುವ ದಾರಿ ಇದೆ, ಮುಚ್ಚುಮರೆಯೇನೂ ಇಲ್ಲ. ಯಾವ ಸಭೆಯಲ್ಲಿ ಅಲ್ಲ ಎಂದೆಯೋ ಅದೇ ಸಭೆಯಲ್ಲಿ, ಅದೇ ಜನರ ಮುಂದೆ ಹೌದು ಎನ್ನಬೇಕು. ಇಲ್ಲಿಯವರೆಗೆ ಒಬ್ಬನೂ ಎಂದಿಲ್ಲ. ಇದ್ದದ್ದಕ್ಕೆ ಒಂದು ನಾಚಿಕೆಯಾದರೆ, ಇಲ್ಲ ಎಂದದ್ದಕ್ಕೆ ಎರಡು. ಅಷ್ಟು ಹೊರುವವರು ಕಡಿಮೆ."

ಅವನು ಹೇಳಿದ್ದು ಸುಳ್ಳಲ್ಲ. ಆ ರಾತ್ರಿಯೆಲ್ಲ ದ್ಯಾವಣ್ಣ ಓಡಿಹೋಗುವುದನ್ನೇ ಯೋಚಿಸಿದ. ಬೆಳಗಾದ ಮೇಲೆ ರೇಷ್ಮೆ ರುಮಾಲು ಬಿಚ್ಚಿಟ್ಟು, ಸರಿ ಮೆತ್ತಿದ ಹಳೆಯ ಅಂಗಿ ತೊಟ್ಟು ಸಭೆಗೆ ಹೋದ.

"ಮಹಾರಾಜರೇ, ಆ ನಾಯಿ ನಮ್ಮದು. ಸುಳ್ಳು ಹೇಳಿದೆ."

ಧೂಮಕ ಕೈ ತಟ್ಟಿದ. ಕಲ್ಲುನಾಯಿ ಸಭೆಗೆ ಬಂತು. ಬಂದದ್ದು ಎಮ್ಮೆಯಷ್ಟು ದೊಡ್ಡದಾಗಿತ್ತು, ಮೈಯೆಲ್ಲ ಕಜ್ಜಿ ಸುರಿಯುತ್ತಿತ್ತು, ನಾತಕ್ಕೆ ದೀಪಗಳು ಆರಿದವು. "ಇದೋ ನಿನ್ನದು?" ಎಂದ ಧೂಮಕ. ದ್ಯಾವಣ್ಣ ಹೋಗಿ ಅದರ ಕೊರಳು ತಬ್ಬಿಕೊಂಡ. "ಇದೇ ನಮ್ಮದು" ಎಂದ. ತಬ್ಬಿದ ಕೈಯೊಳಗೆ ಡೊಂಕ ಮೊದಲಿನಷ್ಟೇ ಆಗಿ, ಅವನ ಗಲ್ಲ ನೆಕ್ಕಿತು.

"ಆ ಬೆಕ್ಕೂ ನಮ್ಮದು."

ಕಲ್ಲುಬೆಕ್ಕು ಬಂದು ಮೈ ಕೊಡವಿತು. ಊರ ಒಲೆಗಳ ಬೂದಿಯೆಲ್ಲ ಅದರ ಮೈಯಿಂದ ಎದ್ದು ಸಭೆಯ ಮೇಲೆ ಸುರಿಯಿತು. ಮಂತ್ರಿಗಳು, ದಳಪತಿಗಳು, ರಾಣಿಯ ಸಖಿಯರು ಬೂದಿಬಡುಕರಾಗಿ ಕೆಮ್ಮುತ್ತ ದ್ಯಾವಣ್ಣನನ್ನು ಬೈದರು. ಅವನು ಒಬ್ಬೊಬ್ಬರಿಗೂ ಕೈಮುಗಿದು "ತಪ್ಪಾಯಿತು, ನಮ್ಮದೇ ಬೆಕ್ಕು" ಎಂದ. ಬೂದಿ ಅವನ ಹೆಗಲೇರಿ ಕೂತಿತು.

"ಆ ಹಕ್ಕಿ ನಮ್ಮದು."

ಕಲ್ಲುಹಕ್ಕಿಯ ಜೊತೆಗೆ ಧೂಮಕ ಕಲ್ಲಿನ ನಿಂಗವ್ವನನ್ನೂ ಸಭೆಗೆ ತರಿಸಿದ. ಇದು ಎಲ್ಲಕ್ಕಿಂತ ಕಷ್ಟವಾಯಿತು. ಚಾಡಿ ಈ ಸಲ ದ್ಯಾವಣ್ಣನ ದನಿಯಲ್ಲೇ ಮಾತಾಡಿತು. ಒಬ್ಬನೇ ಮಗ್ಗದ ಮುಂದೆ ಕೂತಾಗ ಅವನು ಗೊಣಗಿದ ಮಾತುಗಳು: "ಈಕಿಗೆ ನಾಲ್ಕು ಮಂದ್ಯಾಗ ಮಾತಾಡಾಕ ಬರಂಗಿಲ್ಲ. ಅರಮನಿಗೆ ತಕ್ಕ ಹೆಂಡ್ತಿ ಇದ್ದಿದ್ರ ಚೊಲೊ ಇತ್ತು."

ಸಭೆ ಈ ಸಲ ನಗಲಿಲ್ಲ. ದ್ಯಾವಣ್ಣನಿಗೆ ಭೂಮಿ ಬಾಯ್ದೆರೆದು ನುಂಗಬಾರದೇ ಎನ್ನಿಸಿತು. ಹಕ್ಕಿ ಸುಳ್ಳಾಡುತ್ತಿದೆ ಎಂದು ಹೇಳಲು ನಾಲಿಗೆ ತುದಿಯವರೆಗೂ ಬಂತು. ನುಂಗಿಕೊಂಡ.

"ಹಕ್ಕಿಯೂ ನಮ್ಮದು, ಆ ಮಾತೂ ನನ್ನದೇ" ಎಂದ. "ಮತ್ತೆ, ನಿನ್ನೆ ಇಲ್ಲಿ ಬುತ್ತಿ ತಂದಾಕೆ ನನ್ನ ಹೆಂಡತಿ. ನಿಂಗವ್ವ."

ಹೆಸರು ಹೇಳಿಬಿಟ್ಟಿದ್ದ. ಕಲ್ಲಿನ ನಿಂಗವ್ವ ಉಸಿರಾಡಿದಳು. ಚಾಡಿ ಕೊನೆಗೆ ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು. ಕಲ್ಲಾದರೂ ಕಿವಿ ಕೇಳುತ್ತಿತ್ತಂತೆ.

ಧೂಮಕನ ನಿಲುವಂಗಿಯಲ್ಲಿ ಮೊದಲ ಬಾರಿ ಒಂದು ಸುಕ್ಕು ಬಿತ್ತು. ಆದರೂ ಅವನು ಮುಗುಳ್ನಕ್ಕ. "ತಾಯಿ," ಎಂದ, "ನಿನ್ನನ್ನು ಕೆಲಸದವಳು ಎಂದ ಮನುಷ್ಯ ಇವನು. ಈಗ ನೀನು ಹೇಳು. ಇವನು ನಿನ್ನವನೋ, ಅಲ್ಲವೋ?"

ಅಲ್ಲ ಎಂದರೆ ದ್ಯಾವಣ್ಣ ಕಲ್ಲು. ಅದು ಅವನಿಗೂ ಗೊತ್ತಿತ್ತು. ತಾನು ಗೋಡೆ ನೋಡಿದಾಗ ಆ ನಾಯಿಗೆ ಹೇಗಾಗಿತ್ತು ಎಂಬುದು ಈಗ ತಿಳಿಯಿತು. ಅವನು ಬೇಡಿಕೊಳ್ಳಲಿಲ್ಲ. ಬೇಡಿಕೊಳ್ಳುವ ಮುಖ ಎಲ್ಲಿತ್ತು?

ನಿಂಗವ್ವ ಅವನ ಕಡೆ ನೋಡಲಿಲ್ಲ. ಬಗ್ಗಿ ನಾಯಿಯ ತಲೆ ಸವರಿದಳು. "ಡೊಂಕ, ನೀ ಏನಂತಿ? ಇವರು ನಮ್ಮವರಾ?"

ಡೊಂಕ ಹೋಗಿ ದ್ಯಾವಣ್ಣನ ಕಾಲ ಮೇಲೆ ತಲೆ ಇಟ್ಟು ಮಲಗಿತು.

"ಬೂದಿ, ನೀ?"

ಬೆಕ್ಕು ಹೆಗಲು ಬಿಟ್ಟು ಇಳಿಯಲಿಲ್ಲ.

"ಚಾಡಿ?"

ಚಾಡಿಗೆ ಹೇಳಲು ಬೇಕಾದಷ್ಟಿತ್ತು. ಏನೂ ಹೇಳದೆ ಅವನ ತಲೆಯ ಮೇಲೆ ಹೋಗಿ ಕೂತಿತು.

ನಿಂಗವ್ವ ನಿಟ್ಟುಸಿರುಬಿಟ್ಟಳು. "ಇವಕ್ಕಂತೂ ಬುದ್ಧಿ ಇಲ್ಲ" ಎಂದಳು. ಆಮೇಲೆ ಸಭೆಗೆ ಕೇಳುವಂತೆ ಹೇಳಿದಳು: "ದೊಡ್ಡ ತಪ್ಪು ಮಾಡ್ಯಾರ. ಮಾನ ಕಳದಾರ, ತಮ್ಮದೂ, ನನ್ನದೂ. ಆದ್ರ ನಮ್ಮವರು."

ಆಗ ಸಿಂಹಾಸನದಿಂದ ರಾಜ ವೀರಮುತ್ತ ಎದ್ದ. ಬೂದಿ ಮೆತ್ತಿದ ಮುಖದ ಮೇಲೆ ಕಣ್ಣೀರಿನ ಗೆರೆ ಮೂಡಿತ್ತು. "ಧೂಮಕನ ಹಿತ್ತಿಲಲ್ಲಿ ತಲೆಯ ಮೇಲೆ ಮಜ್ಜಿಗೆ ಗಡಿಗೆ ಹೊತ್ತ ಒಬ್ಬ ಮುದುಕಿ ಇದ್ದಾಳೆ" ಎಂದ. "ಪಟ್ಟ ಕಟ್ಟಿದ ದಿನ ನನ್ನನ್ನು ನೋಡಲು ಬಂದಿದ್ದಳು. ಯಾರೋ ಗೊತ್ತಿಲ್ಲ ಎಂದೆ. ನನ್ನನ್ನು ಹೆತ್ತವಳು ಅವಳೇ."

ಗಡಿಗೆ ಇಳಿಸುವ ಸದ್ದು ಹಿತ್ತಿಲಿನಿಂದ ಕೇಳಿತು. ಮಂತ್ರಿ ಎದ್ದು "ಆ ಕುಂಟ ನನ್ನ ತಮ್ಮ" ಎಂದ. ದಳಪತಿ ಎದ್ದ, ಸಖಿಯರು ಎದ್ದರು. ಒಬ್ಬರ ಮುಖ ಒಬ್ಬರು ನೋಡಲಾರದೆ, ತಲೆ ತಗ್ಗಿಸಿಕೊಂಡೇ ಎಲ್ಲರೂ ತಮ್ಮ ತಮ್ಮವರನ್ನು ಹೆಸರು ಹಿಡಿದು ಕರೆದರು. ಹಿತ್ತಿಲು ಖಾಲಿಯಾಯಿತು. ಧೂಮಕನಲ್ಲಿ ಇದ್ದದ್ದೆಲ್ಲ ಬೇರೆಯವರದು. ಅವರವರದು ಅವರವರಿಗೆ ಹೋದ ಮೇಲೆ ಉಳಿಯುವುದಕ್ಕೆ ಏನೂ ಇರಲಿಲ್ಲ. ಬಿಳಿ ನಿಲುವಂಗಿ ಮಾತ್ರ ನೆಲದ ಮೇಲೆ ಬಿದ್ದಿತ್ತು, ಒಳಗೆ ಯಾರೂ ಇರಲಿಲ್ಲ.

ರಾಜ ಇರಿ ಎಂದ, ರಾಣಿ ಇರಿ ಎಂದಳು. ದ್ಯಾವಣ್ಣ ಒಪ್ಪಲಿಲ್ಲ. ಮಗ್ಗವನ್ನು ಬಂಡಿಗೆ ಏರಿಸಿ ಕುರಿಹಟ್ಟಿಗೆ ಹೊರಟರು. ನಿಂಗವ್ವ ಮುಂದೆ ನಡೆದಳು. ಅವಳ ಸಮಕ್ಕೆ ನಡೆಯಲು ಮುಖವಿಲ್ಲದೆ ಅವನು ಹಿಂದೆ ಹಿಂದೆ ಬಂದ. ಊರು ಕಾಣುವ ದಿಬ್ಬದಲ್ಲಿ ಧೈರ್ಯ ಮಾಡಿ ಕೇಳಿದ.

"ಸಿಟ್ಟು ಹೋತೇನು?"

"ಇಲ್ಲ."

"ಮತ್ತ ಅಷ್ಟು ಮಂದಿ ಮುಂದ ನಮ್ಮವರು ಅಂದಿ?"

ನಿಂಗವ್ವ ನಿಂತು, ಅಂದು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ನಮ್ಮವರು ಅಂತಲೇ ಸಿಟ್ಟು. ಬ್ಯಾರೆಯವರಾಗಿದ್ರ ನನಗೇನಾಗಬೇಕಿತ್ತು?"

ಅವನು ಸಮಕ್ಕೆ ಬರುವ ತನಕ ಅವಳು ಅಲ್ಲೇ ನಿಂತಿದ್ದಳು. ಮುತ್ತಗಿರಿಯಲ್ಲಿ ಎಲ್ಲರೂ ತಮ್ಮ ತಮ್ಮವರೊಂದಿಗೆ ಸುಖವಾಗಿದ್ದರು, ಇವರೂ ಇದ್ದರು. ಆ ಸಿಟ್ಟು ಇಳಿಯಲು ಎಷ್ಟು ಕಾಲ ಹಿಡಿಯಿತೋ ನನಗೆ ಗೊತ್ತಿಲ್ಲ, ಅವನು ಮಾತ್ರ ಕಾದ.